ಜೋಸೆಫನ ಕಲ್ಲಿಗೆ ಹೂವು

ಕಳೆದ ತಿಂಗಳು ಬೈಕುಲ್ಲಾ ಮಾರ್ಕೆಟ್ಟಿನ ಬದಿಯಲ್ಲಿ ರಸ್ತೆ ದಾಟುತ್ತಿದ್ದೆ. ಬಲಗಡೆ ಕಣ್ಣಿತ್ತು, ಎಡಗಡೆ ಕಿವಿಯಿತ್ತು. ಮುಂಬಯಿಯಲ್ಲಿ ಹಳಬರಾದವರು ಅರ್ಧ ರಸ್ತೆಯನ್ನು ಕಿವಿಯಿಂದಲೇ ದಾಟುತ್ತಾರೆ. ಯಾರೋ ತೋಳು ಹಿಡಿದು ಹಿಂದಕ್ಕೆ ಎಳೆದರು. ಸೆರಗಿಗೆ ಗಾಳಿ ತಾಗುವಷ್ಟು ಹತ್ತಿರದಲ್ಲಿ ಕರೆಂಟಿನ ಬಸ್ಸೊಂದು ಸದ್ದೇ ಇಲ್ಲದೆ ಹಾದುಹೋಯಿತು.

"ಆಂಟಿ, ಅಬ್ ಕಾನ್ ಸೇ ನಹೀ ಚಲೇಗಾ. ಆಂಖ್ ಸೇ ದೇಖೋ," ಎಂದ ತೋಳು ಹಿಡಿದ ನಿಂಬೆಹಣ್ಣಿನವನು. ಇನ್ನು ಕಿವಿ ಸಾಲದು, ಕಣ್ಣಿಟ್ಟು ನೋಡಿ ಎಂದು.

ಅವನ ಗೋಣಿಯ ಬದಿಯಲ್ಲೇ ಕುಳಿತು ನೀರು ಕುಡಿದೆ. ಈ ಬಸ್ಸುಗಳು ಬಂದದ್ದು ಒಳ್ಳೆಯದೇ. ಹೊಗೆ ಇಲ್ಲ. ಗ್ಯಾಲರಿಯಲ್ಲಿ ಒಣಹಾಕಿದ ಬಿಳಿ ಪಂಚೆ ಸಂಜೆಯ ಹೊತ್ತಿಗೆ ಬೂದಿಬಣ್ಣಕ್ಕೆ ತಿರುಗುವುದಿಲ್ಲ. ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು, ಇಲ್ಲದಿದ್ದರೆ ದೇವರು ಮೆಚ್ಚುವುದಿಲ್ಲ. ಆದರೆ ಇಂಥ ಗಾಡಿ ಹತ್ತಿರ ಬಂದಾಗಲೆಲ್ಲ ಅದರ ಹೊಟ್ಟೆಯ ಕಡೆಗೆ, ಬ್ಯಾಟರಿ ಇರುವ ಜಾಗದ ಕಡೆಗೆ ನನ್ನ ಕಣ್ಣು ಹೋಗುತ್ತದೆ. ಅಲ್ಲಿ ಯಾರೋ ಮಂಡಿ ಮಡಚಿ ಕುಳಿತಿದ್ದಾರೆ ಎಂದು ಅನಿಸುತ್ತದೆ. "ಎಲ್ಲಾ ಬ್ಯಾಟರಿಯಲ್ಲಿ ಆ ಕಲ್ಲು ಇರೂದಿಲ್ಲ ಅಮ್ಮಾ, ಫಾಲ್ತು ಟೆನ್ಶನ್ ಮಾಡ್ಕೋಬೇಡ," ಎನ್ನುತ್ತಾಳೆ ಮಗಳು. ಇರಬಹುದು. ಯಾವುದರಲ್ಲಿದೆ, ಯಾವುದರಲ್ಲಿಲ್ಲ ಎಂದು ಹೊರಗಿನಿಂದ ತಿಳಿಯುವುದು ಹೇಗೆ?

ಕೊರೊನಾ ಕಳೆದ ಮೇಲಿನ ಎರಡನೆಯ ಮಳೆಗಾಲ ಅದು. ಆಗ ನಾವು ಇದೇ ಮಾರ್ಕೆಟ್ಟಿನ ಹಿಂದೆ, ಹಳೆಯ ಬಿಲ್ಡಿಂಗೊಂದರ ಮೂರನೆಯ ಮಾಳಿಗೆಯಲ್ಲಿ ಇದ್ದೆವು. ಎರಡು ಕೋಣೆ, ಮುಂದೆ ಎಲ್ಲರಿಗೂ ಸೇರಿದ ಗ್ಯಾಲರಿ. ನಮ್ಮವರು ಮಾಟುಂಗದ ಹೋಟೆಲಿನಲ್ಲಿ ಅಡುಗೆ ಭಟ್ಟರು. ಹೋಟೆಲು ಮುಚ್ಚಿ ತೆರೆದ ಮೇಲೆ ಸಂಬಳ ಮೊದಲಿನಂತೆ ಇರಲಿಲ್ಲ. ಆ ಬದಿಯಲ್ಲಿ ದೊಡ್ಡ ಆಸ್ಪತ್ರೆಗಳಿರುವುದರಿಂದ, ದೂರದಿಂದ ಬಂದ ರೋಗಿಗಳಿಗೆ ಕೋಣೆ ಬಿಟ್ಟುಕೊಡುವುದು ಅಲ್ಲಿ ಹೊಸತಲ್ಲ. ನಾವೂ ಹೊರಗಿನ ಕೋಣೆಗೆ ಪ್ಲೈವುಡ್ಡಿನ ಅಡ್ಡಗೋಡೆ ಹಾಕಿಸಿ ಕಿಟಕಿ ಇರುವ ಅರ್ಧವನ್ನು ಬಾಡಿಗೆಗೆ ಕೊಟ್ಟೆವು. ಉಳಿದ ಅರ್ಧದಲ್ಲಿ ನಮ್ಮ ಮಗಳು ವಿದ್ಯಾ, ಅವಳ ಕಾಲೇಜಿನ ಪುಸ್ತಕಗಳು. ಒಳಗೆ ಅಡುಗೆ, ದೇವರು, ಅತ್ತೆ ಮತ್ತು ನಾವಿಬ್ಬರು.

ಮೃಗಶಿರೆ ಮಳೆ ಹಿಡಿದ ದಿನ ಬಂದವರು ಜೋಸೆಫ್ ಮತ್ತು ಅವನ ಹೆಂಡತಿ ಫುರಾಹಾ. ಆಫ್ರಿಕಾದ ಕಾಂಗೋ ದೇಶದವರು. ಜೋಸೆಫನಿಗೆ ಎದೆಯ ಕಾಯಿಲೆ. ಅವರ ಚರ್ಚಿನವರೆಲ್ಲ ಸೇರಿ ಮುಂಬಯಿಗೆ ಕಳಿಸಿದ್ದರಂತೆ.

"ಮೀನು ಮಾಂಸ ಎಲ್ಲ ತಿನ್ನುವವರಲ್ವಾ ಅವರು?" ಎಂದರು ಅತ್ತೆ. ಅತ್ತೆ ಆ ಹೊತ್ತಿಗಾಗಲೇ ಗೋಡೆ ಹಿಡಿದು ನಡೆಯುತ್ತಿದ್ದರು, ಆದರೆ ಮಾತಿಗೆ ಯಾವ ಗೋಡೆಯೂ ಬೇಕಿರಲಿಲ್ಲ.

"ಇಲ್ಲಿ ಬೇಯಿಸುವುದಿಲ್ಲ ಅಂತ ಒಪ್ಪಿದ್ದಾರೆ ಅಮ್ಮ," ಎಂದರು ನಮ್ಮವರು.

"ಯಾವ ಭಾಷೆಯಲ್ಲಿ ಒಪ್ಪಿದ್ದು ಮಾರಾಯ?"

ಅದಕ್ಕೆ ಉತ್ತರ ವಿದ್ಯಾ ಕೊಟ್ಟಳು. ಅವಳ ಫೋನಿನಲ್ಲಿ ಸ್ವಾಹಿಲಿಯಲ್ಲಿ ಹೇಳಿದರೆ ಒಬ್ಬ ಹೆಂಗಸಿನ ದನಿ ಅದನ್ನು ಕನ್ನಡದಲ್ಲಿ ಹೇಳುತ್ತಿತ್ತು. ಅಂಥ ಕನ್ನಡವನ್ನು ನಮ್ಮ ಮನೆಯಲ್ಲಿ ಯಾರೂ ಆಡಿದವರಲ್ಲ. ಫುರಾಹಾ ಕೈಸನ್ನೆ ಮಾಡುತ್ತ ಏನೋ ಹೇಳಿದಳು. "ಮಾನ್ಯರೇ, ಸ್ನಾನಗೃಹದ ಜಲವು ಯಾವ ಸಮಯದಲ್ಲಿ ಲಭ್ಯವಿದೆ?" ಎಂದಿತು ಫೋನು. ಅತ್ತೆ ಕೈಮುಗಿದರು. "ಸಂಸ್ಕೃತ ಬಲ್ಲವಳು. ಇರಲಿ ಬಿಡಿ," ಎಂದರು.

ಫುರಾಹಾ ನನ್ನನ್ನು ದಾದಾ ಎಂದು ಕರೆದಳು. ಅವರ ಭಾಷೆಯಲ್ಲಿ ಅಕ್ಕ ಎಂದರ್ಥ; ಮುಂಬಯಿಯಲ್ಲಿ ದಾದಾ ಎಂದರೆ ಹಫ್ತಾ ವಸೂಲಿ ಮಾಡುವ ರೌಡಿ. ಗ್ಯಾಲರಿಯ ಹೆಂಗಸರಿಗೆ ನಕ್ಕು ನಕ್ಕು ಸಾಕಾಯಿತು. ನಲ್ಲಿಯ ಹತ್ತಿರ ನಾನು ಬಂದರೆ "ಸರಿಯಿರಿ, ಬೈಕುಲ್ಲಾದ ದಾದಾ ಬಂದರು, ಹಫ್ತಾ ಕೊಡಿ" ಎಂದು ಕೊಡ ಸರಿಸುತ್ತಿದ್ದರು. ಫುರಾಹಾಳಿಗೆ ಅದು ತಿಳಿಯಲಿಲ್ಲ, ಆದರೆ ಅವಳೂ ನಕ್ಕಳು. ಅವಳ ನಗು ದೊಡ್ಡದು. ಆಮೇಲೆ ಅದು ಕಡಿಮೆಯಾಯಿತು.

ಜೋಸೆಫ್ ಎತ್ತರದ ಆಳು. ಮಲಗಿದರೆ ಉಸಿರು ಸಿಗದೆ, ಇಡೀ ದಿನ ಕಿಟಕಿಯ ಬಳಿ ದಿಂಬಿಗೆ ಒರಗಿ ಕುಳಿತಿರುತ್ತಿದ್ದ. ಬದಿಯಲ್ಲಿ ಗಾಳಿಯಿಂದ ಆಕ್ಸಿಜನ್ ಸೋಸಿ ಕೊಡುವ ಯಂತ್ರ, ಅದರ ಕೊಳವೆ ಅವನ ಮೂಗಿಗೆ. ಯಂತ್ರ ಗೋಡೆಯ ಪ್ಲಗ್ಗಿನಿಂದ ಓಡುತ್ತಿತ್ತು. ಅದರ ಗುರ್ರೆನ್ನುವ ಸದ್ದು, ಅದರ ಮೇಲೆ ಅವನ ಕೆಮ್ಮು. ಪ್ಲೈವುಡ್ಡು ಏನನ್ನೂ ತಡೆಯುವುದಿಲ್ಲ. ನಾಲ್ಕು ದಿನದಲ್ಲಿ ಆ ಕೆಮ್ಮು ನನಗೆ ಬಾಯಿಪಾಠವಾಯಿತು. ಎರಡು ಸಣ್ಣದು, ಒಂದು ಉದ್ದದ್ದು, ಕೊನೆಯಲ್ಲಿ ತುಕ್ಕು ಹಿಡಿದ ಬಾಗಿಲನ್ನು ಎಳೆದಂಥ ಸದ್ದು. ಆ ಕೊನೆಯ ಸದ್ದು ಬರುವವರೆಗೆ ನಾನು ಒಗ್ಗರಣೆಯ ಸೌಟು ಹಿಡಿದು ಕಾಯುತ್ತಿದ್ದೆ. ಬಂದ ಮೇಲೆ ಸಾಸಿವೆ ಹಾಕುತ್ತಿದ್ದೆ.

ಅತ್ತೆಗೆ ಊರಿನಿಂದ ತರಿಸಿದ ಕುಚ್ಚಲಕ್ಕಿಯೇ ಆಗಬೇಕು. ಅದರಲ್ಲಿ ಕಲ್ಲಿರುತ್ತಿತ್ತು. ಒಂದು ದಿನ ನಾನು ನೀರಿನಲ್ಲಿ ಅಕ್ಕಿ ಗಾಳಿಸುತ್ತಿದ್ದಾಗ ಫುರಾಹಾ ಬಂದು ಪಾತ್ರೆಗೆ ಕೈಯೊಡ್ಡಿದಳು. ಕೊಟ್ಟೆ. ಕುಕ್ಕರುಗಾಲಿನಲ್ಲಿ ಕುಳಿತು ಮಣಿಕಟ್ಟನ್ನು ಸಣ್ಣಗೆ ತಿರುಗಿಸುತ್ತ, ನೀರಿನ ಜೊತೆ ಅಕ್ಕಿಯನ್ನು ಅಲೆಯಲೆಯಾಗಿ ಬೇರೆ ಪಾತ್ರೆಗೆ ಹರಿಯಬಿಟ್ಟಳು. ಕೊನೆಯಲ್ಲಿ ತಳದಲ್ಲಿ ಕಲ್ಲು ಮಾತ್ರ ಉಳಿಯಿತು, ಒಂದು ಕಾಳು ಅಕ್ಕಿಯೂ ಇಲ್ಲ.

"ನೋಡು, ನಿನಗಿಂತ ಚಂದ ಗಾಳಿಸ್ತಾಳೆ," ಎಂದರು ಅತ್ತೆ. "ಯಾರು ಕಲಿಸಿದ್ದು ಕೇಳು."

ಫೋನು ಹಿಡಿದು ಕೇಳಿದೆ. "ನದಿಯಲ್ಲಿ ಕಲಿತೆ," ಎಂದಿತು ಫೋನು.

"ನದಿಯಲ್ಲಿ ಅಕ್ಕಿ ತೊಳೀತೀರಾ?"

"ಅಕ್ಕಿ ಅಲ್ಲ," ಎಂದು ಹೇಳಿ ಅವಳು ಎದ್ದು ಕೈ ಒರೆಸಿಕೊಂಡಳು. ಕೆಳಗುಳಿದ ಕಲ್ಲುಗಳನ್ನು ಮಾತ್ರ ಬೆರಳ ತುದಿಯಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಮೋರಿಗೆ ಹಾಕಿದಳು.

ಹರಿವೆ ಸೊಪ್ಪು ಅವರಿಗೂ ಇಷ್ಟ. ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಮಾಡಿ ಸೊಪ್ಪಿನ ಜೊತೆ ಉಣ್ಣುತ್ತಿದ್ದರು. ಜೋಸೆಫನಿಗೆ ಅದೂ ಹಿಡಿಸದಾದಾಗ ನನ್ನ ಗಂಜಿ ಹಿಡಿಸಿತು. ಒಬ್ಬ ರೋಗಿಗೆ ಒಂದು ಲೋಟ ಗಂಜಿ ಇಳಿದರೆ ಆ ದಿನದ ಮಟ್ಟಿಗೆ ಅದೇ ದೇವರ ದಯೆ ಎಂದುಕೊಳ್ಳುತ್ತಿದ್ದೆ.

ಆಷಾಢ ಮುಗಿಯುವ ಮುಂಚೆ ಡಾಕ್ಟರು ಕೈಚೆಲ್ಲಿದರು. ಫುರಾಹಾಳ ಜೊತೆ ನಾನೂ ಹೋಗಿದ್ದೆ. ಡಾಕ್ಟರು ಚಿತ್ರ ತೋರಿಸಿದರು. ಬಳ್ಳಿಯಲ್ಲೇ ಒಣಗಿದ ಹೀರೇಕಾಯಿಯ ಒಳಗು ಇರುತ್ತದಲ್ಲ, ಮೈ ಉಜ್ಜಲು ಇಟ್ಟುಕೊಳ್ಳುತ್ತೇವಲ್ಲ, ಜೋಸೆಫನ ಶ್ವಾಸಕೋಶ ಹಾಗಿತ್ತು. ವರ್ಷಗಟ್ಟಲೆ ಧೂಳು ಕುಡಿದದ್ದಂತೆ. ಇದಕ್ಕೆ ಮದ್ದಿಲ್ಲ, ಕರೆದುಕೊಂಡು ಹೋಗಿ, ಆದಷ್ಟು ಬೇಗ, ಎಂದರು.

ಜೋಸೆಫ್ ಅಳಲಿಲ್ಲ. ಫೋನಿಗೆ ಬಾಯಿ ಹತ್ತಿರ ತಂದು ನಿಧಾನವಾಗಿ ಹೇಳಿದ. ಫೋನು ಹೇಳಿತು: "ನನ್ನ ಮನೆಯ ಬಾಗಿಲಿನಲ್ಲಿ ಕುಳಿತುಕೊಳ್ಳಲು ಬಯಸುತ್ತೇನೆ. ನನ್ನ ತಾಯಿ ಜೀವಂತವಾಗಿದ್ದಾರೆ."

ಬೇರೇನೂ ಅವನು ಕೇಳಲಿಲ್ಲ. ಆದರೆ ಅದೇ ಕಷ್ಟದ್ದಾಯಿತು. ಆಕ್ಸಿಜನ್ ಇಲ್ಲದೆ ಅವನು ವಿಮಾನದಲ್ಲಿ ಕುಳಿತುಕೊಳ್ಳುವಂತಿಲ್ಲ. ಸಿಲಿಂಡರನ್ನು ಒಳಗೆ ಬಿಡುವುದಿಲ್ಲ. ಚೀಲದಷ್ಟು ಸಣ್ಣ ಯಂತ್ರವೊಂದು ಇದೆ, ಬ್ಯಾಟರಿಯಲ್ಲಿ ಓಡುವಂಥದ್ದು, ಅದಕ್ಕೆ ಬಿಡುತ್ತಾರೆ. ಆದರೆ ನಿಯಮವೇನೆಂದರೆ, ಪ್ರಯಾಣ ಎಷ್ಟು ಹೊತ್ತೋ ಅದರ ಒಂದೂವರೆ ಪಟ್ಟು ಹೊತ್ತಿಗೆ ಸಾಕಾಗುವಷ್ಟು ಬ್ಯಾಟರಿ ಕೈಯಲ್ಲಿರಬೇಕು. ನಡುವೆ ಒಂದು ಕಡೆ ಇಳಿದು, ಕಾದು, ಇನ್ನೊಂದು ವಿಮಾನ ಹತ್ತಬೇಕು. ಚರ್ಚಿನವರ ಸಹಾಯದಿಂದ ಯಂತ್ರ ಸಿಕ್ಕಿತು, ಅದರ ಜೊತೆ ಎರಡು ಬ್ಯಾಟರಿ. ಇನ್ನೂ ನಾಲ್ಕು ಬೇಕಿತ್ತು.

ಆಸ್ಪತ್ರೆ ಸಾಮಾನಿನ ಅಂಗಡಿಗೆ ನಾನು ದಿನಾ ಹೋಗತೊಡಗಿದೆ. ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲೇ ಇತ್ತು. ಅಂಗಡಿಯವ ನನ್ನನ್ನು ದೂರದಿಂದ ಕಂಡರೇ ತಲೆ ಆಡಿಸುತ್ತಿದ್ದ.

"ಮಾಲ್ ನಹೀ ಆಯಾ, ಭಾಭಿ."

"ಕಬ್ ಆಯೇಗಾ?"

"ಕಂಪನಿವಾಲೇ ಕೋ ಭೀ ನಹೀ ಮಾಲೂಮ್. ಹೊರದೇಶದಿಂದ ಬರಬೇಕು. ಒಳಗೆ ಹಾಕುವ ಮಾಲಿಗೇ ತಂಗಿ ಅಂತೆ, ಗಾಡಿ ಮಾಡುವವರು ಎಲ್ಲ ಎತ್ತಿಕೊಳ್ತಾರೆ. ನಮ್ಮಂಥ ಸಣ್ಣ ಬ್ಯಾಟರಿಯವರ ಪಾಳಿ ಕೊನೆಗೆ." ಅವನು ಬೆಳಗಾವಿ ಕಡೆಯವನು. ಹಿಂದಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದ. ತಂಗಿ ಎಂದರೆ ಕೊರತೆ.

ಬಂದು ಫುರಾಹಾಳಿಗೆ ಹೇಳಿದೆ, ಫೋನಿನಲ್ಲಿ. ಬ್ಯಾಟರಿಯೊಳಗೆ ಹಾಕುವ ವಸ್ತು ಸಿಗುತ್ತಿಲ್ಲವಂತೆ, ಅದು ಎಲ್ಲಿಂದಲೋ ಬರಬೇಕಂತೆ ಎಂದೆ. ಅವಳು ಫೋನಿನ ದನಿಯನ್ನು ಎರಡು ಸಲ ಕೇಳಿಸಿಕೊಂಡಳು. ಆಮೇಲೆ ನಕ್ಕಳು. ಮೊದಲಿನ ದೊಡ್ಡ ನಗುವಲ್ಲ. ಜೋಸೆಫನಿಗೆ ಅವರ ಭಾಷೆಯಲ್ಲಿ ಹೇಳಿದಳು. ಅವನು ನಗಲು ಹೋಗಿ ಕೆಮ್ಮಿದ. ಇದರಲ್ಲಿ ನಗುವುದೇನಿದೆ ಎಂದು ನನಗೆ ಆಗ ತಿಳಿಯಲಿಲ್ಲ. ದುಃಖ ಹೆಚ್ಚಾದರೆ ಮನುಷ್ಯರು ಹೀಗೆಯೇ ಎಂದುಕೊಂಡು ಗಂಜಿಗೆ ನೀರಿಟ್ಟೆ.

ಕಲ್ಲು ನಾನು ಕಂಡದ್ದು ಶ್ರಾವಣದ ಮೊದಲ ವಾರ. ಫುರಾಹಾ ಬೆಳಿಗ್ಗೆ ಆಸ್ಪತ್ರೆಗೋ ವಿಮಾನದ ಆಫೀಸಿಗೋ ಹೋದಾಗ ಅವರ ಭಾಗವನ್ನೂ ನಾನೇ ಗುಡಿಸುತ್ತಿದ್ದೆ. ಜೋಸೆಫನ ದಿಂಬಿನ ಹಿಂದೆ, ಕಿಟಕಿಯ ಮೂಲೆಯಲ್ಲಿ ಬಟ್ಟೆಯ ಗಂಟೊಂದಿತ್ತು. ಮಳೆಯ ಎರಚಲಿಗೆ ನೆನೆದಿತ್ತು. ಒಣಗಿಸೋಣವೆಂದು ಬಿಚ್ಚಿದರೆ ಒಳಗೆ ಒಂದು ಕಲ್ಲು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಕಪ್ಪು, ಒಂದು ಬದಿಯಲ್ಲಿ ನೀಲಿಯ ಛಾಯೆ. ಹಿಡಿದು ಹಿಡಿದು ನುಣುಪಾಗಿತ್ತು. ಕಾಣುವುದಕ್ಕಿಂತ ಹೆಚ್ಚು ಭಾರ.

ನಮ್ಮ ದೇವರ ಗೂಡಿನಲ್ಲಿ ಸಾಲಿಗ್ರಾಮ ಇದೆ. ಮಾವನವರ ಕಾಲದಿಂದ ಬಂದದ್ದು. ಅದೂ ಕಪ್ಪು, ಅದೂ ನುಣುಪು. ಯಾವ ಊರಿಗೆ ಹೋದರೂ ಮಾವನವರು ಅದನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡೇ ಹೋಗುತ್ತಿದ್ದರಂತೆ. ಹೀಗಿರುವಾಗ, ಕಾಯಿಲೆಯವನು ಸಮುದ್ರ ದಾಟಿ ಬರುವಾಗ ಬಟ್ಟೆಯಲ್ಲಿ ಸುತ್ತಿ ತಂದು ತಲೆಯ ಹತ್ತಿರ ಇಟ್ಟುಕೊಂಡ ಕಪ್ಪು ಕಲ್ಲು ಏನಿರಬೇಕು? ನಮ್ಮಂಥವರಿಗೆ ಎರಡನೆಯ ಯೋಚನೆಯೇ ಬರುವುದಿಲ್ಲ. ಚರ್ಚಿಗೆ ಹೋಗುವವರಾದರೂ ಹಳೆಯ ದೇವರನ್ನು ಬಿಟ್ಟಿಲ್ಲ ಪಾಪ, ಎಂದುಕೊಂಡೆ. ಅತಿಥಿಯ ದೇವರು ಒದ್ದೆ ಬಟ್ಟೆಯಲ್ಲಿ ಮೂಲೆಯಲ್ಲಿ ಬಿದ್ದಿರಬಾರದು. ತೊಳೆದೆ. ಒರೆಸಿ, ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ತಟ್ಟೆಯಲ್ಲಿಟ್ಟು, ದಾಸವಾಳದ ಹೂವೊಂದನ್ನು ಏರಿಸಿ ಕೈಮುಗಿದೆ.

ಜೋಸೆಫ್ ನೋಡುತ್ತಿದ್ದ. ಅವನ ತುಟಿ ಅಲುಗಿತು. "ದಾದಾ," ಎಂದಷ್ಟೇ ಹೇಳಿದ. ಮುಖದಲ್ಲಿ ಏನೋ ಒಂದು ಬೆಳಕು ಬಂತು. ಸರಿಯಾದದ್ದನ್ನೇ ಮಾಡಿದೆ ಎಂದು ನನಗೆ ಸಮಾಧಾನವಾಯಿತು.

ಅಂದಿನಿಂದ ಪ್ರತಿ ಬೆಳಿಗ್ಗೆ ಫುರಾಹಾ ಹೊರಟ ಮೇಲೆ ಕಲ್ಲಿಗೆ ಹೂವು. ಒಂದು ಮಾತು ಹೇಳಬೇಕು. ಮನೆಯ ಸಾಲಿಗ್ರಾಮವನ್ನು ನಾವು ಹೆಂಗಸರು ಮುಟ್ಟುವಂತಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಅದಕ್ಕೆ ಹೂ ಕಟ್ಟಿದ್ದೇನೆ, ಗಂಧ ತೇಯ್ದಿದ್ದೇನೆ, ಅದರ ತಣ್ಣಗಿನ ಮೈ ಹೇಗಿದೆ ಎಂದು ತಿಳಿಯದು. ಈ ಕಲ್ಲಿಗೆ ಅಂಥ ನಿಯಮ ಇರಲಿಲ್ಲ. ನನ್ನ ಕೈಯಿಂದಲೇ ತೊಳೆಯಬಹುದಿತ್ತು, ಅಂಗೈಯಲ್ಲಿಟ್ಟು ಮಾತನಾಡಿಸಬಹುದಿತ್ತು. ನನಗೆ ಅದರ ಮೇಲೆ ಪ್ರೀತಿಯೇ ಬಂತು. ಮೊದಮೊದಲು ಅವನ ಉಸಿರು ಉಳಿಯಲಿ ಎಂದು ಬೇಡಿದೆ. ಆಮೇಲೆ ನೇರವಾಗಿ ಕೇಳಿದೆ, ಬ್ಯಾಟರಿ ಕಳಿಸು ಅಂತ. ತೊಳೆದ ನೀರನ್ನು ಅವನ ಹಣೆಗೂ ಎದೆಗೂ ಎರಡೆರಡು ಹನಿ ಹಚ್ಚುತ್ತಿದ್ದೆ. ಅವನು ಕಣ್ಣು ಮುಚ್ಚಿ ಹಚ್ಚಿಸಿಕೊಳ್ಳುತ್ತಿದ್ದ.

ಫುರಾಹಾ ಬರುವ ಹೊತ್ತಿಗೆ ಕಲ್ಲು ಮತ್ತೆ ಗಂಟಿನಲ್ಲಿರುತ್ತಿತ್ತು. ಹೂವು ಕಾಣುತ್ತಿರಲಿಲ್ಲ. ಜೋಸೆಫ್ ತನ್ನ ದೇವರನ್ನು ಎತ್ತಿಟ್ಟುಕೊಳ್ಳುತ್ತಾನೆ, ಅದು ಅವರ ಕ್ರಮ, ಎಂದುಕೊಂಡೆ.

ಗಣಪತಿ ಬರಲು ಕೆಲವೇ ದಿನ ಇರುವಾಗ ಜೋಸೆಫನ ಊಟ ಪೂರ್ತಿ ನಿಂತಿತು. ಆ ದಿನ ಫುರಾಹಾ ಬೇಗ ಬಂದಳು. ದಿಂಬಿನ ಹೊದಿಕೆ ಬದಲಿಸಲು ಎತ್ತಿದರೆ ಕೆಳಗಿನಿಂದ ಒಣಗಿದ ದಾಸವಾಳಗಳು ಉದುರಿದವು. ಅವಳು ಹೂವನ್ನು ನೋಡಿದಳು, ಕಿಟಕಿಯ ಕಟ್ಟೆಯನ್ನು ನೋಡಿದಳು. ತಟ್ಟೆಯಲ್ಲಿ ಕಲ್ಲು, ಅದರ ನೆತ್ತಿಯಲ್ಲಿ ಬೆಳಗಿನ ಹೂವು. ನಾನು ಇನ್ನೂ ಕೈಮುಗಿದುಕೊಂಡೇ ಇದ್ದೆ.

ಅವಳು ಕೂಗಲಿಲ್ಲ. ಫೋನು ತೆಗೆದು ಅದಕ್ಕೆ ಹೇಳಿದಳು, ನನ್ನ ಮುಖಕ್ಕೆ ಹಿಡಿದಳು.

"ಈ ಕಲ್ಲು ನನ್ನ ಪತಿಯನ್ನು ಭಕ್ಷಿಸಿತು," ಎಂದಿತು ಫೋನಿನ ಹೆಂಗಸು ಅದೇ ನಯವಾದ ದನಿಯಲ್ಲಿ. "ನೀವು ಇದಕ್ಕೆ ಪುಷ್ಪವನ್ನು ಏಕೆ ನೀಡುತ್ತೀರಿ?"

ಆಮೇಲೆ ಒಂದೊಂದೇ ಮಾತು. ಅವರ ಊರಿನ ಕೆಳಗೆಲ್ಲ ಈ ಕಲ್ಲೇ. ಮನೆಯ ಹಿತ್ತಲಲ್ಲೂ ಅಗೆಯುತ್ತಾರೆ. ಜೋಸೆಫ್ ಹತ್ತಾಳು ಆಳದ ಗುಂಡಿಗೆ ಹಗ್ಗ ಹಿಡಿದು ಇಳಿದು, ಮಂಡಿಯೂರಿ ಅಗೆದು, ಗೋಣಿಯಲ್ಲಿ ಮೇಲೆ ಕಳಿಸುತ್ತಿದ್ದ. ಅವಳು ನದಿಯಲ್ಲಿ ಅದನ್ನು ಗಾಳಿಸುತ್ತಿದ್ದಳು. ಅದರಿಂದಲೇ ಬ್ಯಾಟರಿ. ಗಾಡಿಗೆ, ಫೋನಿಗೆ, ಈ ಉಸಿರಿನ ಯಂತ್ರಕ್ಕೆ. ನನಗೆ ಅಂಗಡಿಯವನ ಮಾತು ನೆನಪಾಯಿತು. ಒಳಗೆ ಹಾಕುವ ಮಾಲಿಗೆ ತಂಗಿ. ಅವರಿಬ್ಬರೂ ಯಾಕೆ ನಕ್ಕರೆಂದು ಆಗ ತಿಳಿಯಿತು. ನೆಲದ ಮೇಲೆ ಕುಳಿತೆ. ಯಾವುದು ಅವನ ಉಸಿರು ಕಿತ್ತಿತೋ ಅದನ್ನೇ ಉಸಿರು ಕೊಡು ಎಂದು ಬೇಡಿದ್ದೆ. ಅದರ ನೀರನ್ನೇ ಅವನ ಎದೆಗೆ ಹಚ್ಚಿದ್ದೆ.

"ಇವನಾದರೂ ಬೇಡ ಎನ್ನಬಾರದಿತ್ತೇ?" ಎಂದೆ.

ಫುರಾಹಾ ಅವನನ್ನು ಕೇಳಿದಳು. ಅವನು ಉಸಿರು ಕೂಡಿಸಿಕೊಂಡು, ನಡುನಡುವೆ ನಿಲ್ಲಿಸಿ ಹೇಳಿದ. ಫೋನು ಕಾದು ಕಾದು ಹೇಳಿತು: "ಇದು ಒಳ್ಳೆಯ ಕಲ್ಲು. ನನ್ನ ಕೈಗೆ ಸಿಕ್ಕವುಗಳಲ್ಲಿ ಅತ್ಯುತ್ತಮ. ವೈದ್ಯರಿಗೆ ತೋರಿಸಲು ತಂದಿದ್ದೆ. ಅವರು ನೋಡಲಿಲ್ಲ. ಅಕ್ಕ ಹೂವು ಇಟ್ಟಾಗ ನನಗೆ ನಗು ಬಂತು. ಬಹಳ ಕಾಲದಿಂದ ನಗು ಬಂದಿರಲಿಲ್ಲ. ಹೇಳಿದರೆ ಅಕ್ಕ ನಿಲ್ಲಿಸುತ್ತಾರೆ."

ಫುರಾಹಾ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ಬೈದಳೋ ಸಮಾಧಾನ ಹೇಳಿದಳೋ ನನಗೆ ತಿಳಿಯಲಿಲ್ಲ, ಅದನ್ನು ಫೋನಿಗೆ ಕೇಳಿಸಲಿಲ್ಲ.

ಗೋಡೆ ಹಿಡಿದು ಅತ್ತೆ ಬಂದರು. ವಿದ್ಯಾ ಎಲ್ಲವನ್ನೂ ಹೇಳಿದಳು. ನಾನು ಕಲ್ಲನ್ನು ಹೊರಗೆ ಹಾಕಿಬಿಡುತ್ತೇನೆ ಎಂದೆ. ಫುರಾಹಾಳೂ ಅದನ್ನೇ ಸನ್ನೆ ಮಾಡಿದಳು.

"ಹಾಕುದು ಎಂತದು? ಹೂ ಏರಿಸಿದ ಮೇಲೆ ಅದು ಬರೀ ಕಲ್ಲಲ್ಲ," ಎಂದರು ಅತ್ತೆ.

"ಅತ್ತೆ, ಇದು ದೇವರಲ್ಲ. ಕೇಳಿತಲ್ಲ ನಿಮಗೆ?"

"ದೇವರು ಅಂತ ನಾನೆಲ್ಲಿ ಹೇಳಿದೆ? ಬರೀ ಕಲ್ಲಲ್ಲ ಅಂದೆ. ಅವನು ಇರುವವರೆಗೆ ಅಲ್ಲೇ ಇರಲಿ. ನಗು ಬರ್ತದಂತಲ್ಲ ಅವನಿಗೆ. ನೀನು ಹೂವಿಡು. ಬೇಡುದು ಮಾತ್ರ ಬೇಡ ಇನ್ನು."

ಬೇಡುವುದನ್ನು ನಿಲ್ಲಿಸುವ ಹೊತ್ತಿಗೆ ತಡವಾಗಿತ್ತು. ಅಂದು ಬೆಳಿಗ್ಗೆಯೇ ಬ್ಯಾಟರಿ ಕೊಡು ಎಂದು ಕೇಳಿಯಾಗಿತ್ತು. ಮಧ್ಯಾಹ್ನ ಅಂಗಡಿಯವ ತಾನೇ ಮೂರು ಮಾಳಿಗೆ ಹತ್ತಿ ಬಂದ.

"ಸಿಕ್ತು ಭಾಭಿ. ಬೊರಿವಲಿಯಲ್ಲಿ ಒಂದು ಮನೆಯಲ್ಲಿ ಇದೇ ಯಂತ್ರದ ಬ್ಯಾಟರಿ, ನಾಲ್ಕೂ ಅವೆ. ಹಂಗೇ ಕೊಡ್ತಾರಂತೆ, ಬಂದು ಒಯ್ರಿ ಅಂದಾರ."

ದೇವರೇ, ನಾಲ್ಕೂ. ನಮ್ಮವರು ಹೋಟೆಲಿನಿಂದ ರಜೆ ಪಡೆದು ಲೋಕಲ್ ಹತ್ತಿದರು. ಹಳಿಯ ಮೇಲೆ ನೀರಿತ್ತು, ಗಾಡಿ ನಿಂತು ನಿಂತು ಹೋಯಿತಂತೆ. ಸಂಜೆಗೆ ಒದ್ದೆಯಾಗಿ ಬಂದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬ್ಯಾಟರಿಗಳನ್ನು ಮೇಜಿನ ಮೇಲಿಟ್ಟು, ಕೈಕಾಲು ತೊಳೆಯಲು ಹೋದರು. ತೊಳೆದವರು ಸ್ನಾನವನ್ನೇ ಮಾಡಿ ಬಂದರು.

"ಯಾಕೆ ಸ್ನಾನ?" ಎಂದೆ.

"ಸೂತಕದ ಮನೆ," ಎಂದರು. "ಆ ಮನೆಯ ಯಜಮಾನರು ಮೊನ್ನೆ ಹೋದರಂತೆ. ಫೋಟೋಕ್ಕೆ ಮಾಲೆ ಹಾಕಿ ಹಾಲ್‌ನಲ್ಲಿ ಇಟ್ಟಿದ್ದಾರೆ. ಸೊಸೆ ಬಂದು ಕೊಟ್ಟಳು. ಇನ್ನು ನಮಗೆ ಇದು ಬೇಡ, ಯಾರಿಗಾದರೂ ಉಸಿರಾಗಲಿ ಅಂದಳು."

ನಾನು ಮೇಜಿನ ಮೇಲಿದ್ದುದನ್ನು ನೋಡಿದೆ. ಬ್ಯಾಟರಿ ಎಲ್ಲಿಂದಾದರೂ ಬರಲಿ ಎಂದು ಬೇಡುವಾಗ ಅದು ಎಲ್ಲಿಂದ ಬರಬಹುದು ಎಂದು ನಾನು ಯೋಚಿಸಿರಲಿಲ್ಲ. ಅಂಗಡಿಯಲ್ಲಿ ಮಾಲಿಲ್ಲದಿದ್ದಾಗ ಇನ್ನೊಬ್ಬರ ಮೂಗಿನಿಂದ ಕೊಳವೆ ಕಳಚಿದರೆ ಮಾತ್ರ ಬರುತ್ತದೆ. ನಮ್ಮವರು, "ಅವರ ಆಯುಸ್ಸು ಅಷ್ಟೇ ಇತ್ತು, ನೀನು ಬೇಡಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ ಮಾರಾಯ್ತಿ," ಎಂದರು. ಇಲ್ಲವೆಂದು ನನಗೂ ಗೊತ್ತು. ಗೊತ್ತಿರುವುದು ಬೇರೆ, ಮನಸ್ಸು ಒಪ್ಪುವುದು ಬೇರೆ. ಈಗ ಆ ಹಳೆಯ ಬಿಲ್ಡಿಂಗು ಕೆಡವಿ, ನಾವೂ ಬೊರಿವಲಿಗೆ ಬಂದು ವರ್ಷವಾಯಿತು. ಯಾವ ಮನೆ ಎಂದು ನಮ್ಮವರನ್ನು ನಾನು ಕೇಳಿಲ್ಲ. ಸಂಜೆ ದೇವಸ್ಥಾನಕ್ಕೆ ನಡೆದು ಹೋಗುವಾಗ ಯಾವುದಾದರೂ ಕಿಟಕಿಯೊಳಗೆ ಮಾಲೆ ಹಾಕಿದ ಫೋಟೋ ಕಂಡರೆ ಹೆಜ್ಜೆ ತಾನಾಗಿ ಬೇಗವಾಗುತ್ತದೆ.

ಗಣಪತಿ ಹಬ್ಬದ ಮಾರನೆಯ ದಿನ ಅವರು ಹೊರಟರು. ಡೋಲು ತಾಸೆಯ ಗದ್ದಲದಲ್ಲಿ ಟ್ಯಾಕ್ಸಿ ಸಿಗುವುದೇ ಕಷ್ಟವಾಯಿತು. ಜೋಸೆಫನನ್ನು ಕುರ್ಚಿಯಲ್ಲಿ ಕೂರಿಸಿ ಗ್ಯಾಲರಿಯ ಗಂಡಸರೆಲ್ಲ ಸೇರಿ ಮೂರು ಮಾಳಿಗೆ ಇಳಿಸಿದರು. "ಗಣಪತಿ ಬಪ್ಪಾಗಿಂತ ಹಗುರ ಇದ್ದಾನೆ," ಎಂದ ಒಬ್ಬ. ಅವನ ಹೆಂಡತಿ ಅವನ ಬೆನ್ನಿಗೆ ಗುದ್ದಿದಳು. ಜೋಸೆಫನ ಹೆಗಲಿಗೆ ಸಣ್ಣ ಯಂತ್ರ, ಫುರಾಹಾಳ ಚೀಲದಲ್ಲಿ ಆರು ಬ್ಯಾಟರಿ. ಅತ್ತೆ ಕಟ್ಟಿಕೊಟ್ಟ ಕುಚ್ಚಲಕ್ಕಿಯನ್ನೂ ಇಟ್ಟುಕೊಂಡಿದ್ದಳು. "ಕಲ್ಲಿದೆ ಅದರಲ್ಲಿ, ಹೇಳು ಅವಳಿಗೆ," ಎಂದು ಅತ್ತೆ ಮೇಲಿನಿಂದ ಕೂಗಿದರು. ಅವಳಿಗೆ ಹೇಳಬೇಕಾಗಿರಲಿಲ್ಲ.

ಟ್ಯಾಕ್ಸಿಯಲ್ಲಿ ಕುಳಿತ ಮೇಲೆ ಜೋಸೆಫ್ ನನ್ನ ಕೈಯೆಳೆದು ಗಂಟನ್ನು ಅಂಗೈಯಲ್ಲಿಟ್ಟ. ಫುರಾಹಾ ಮುಖ ತಿರುಗಿಸಿಕೊಂಡಳು, ಬೇಡ ಎನ್ನಲಿಲ್ಲ. ಆ ಕಲ್ಲು ಈಗಲೂ ನನ್ನಲ್ಲಿದೆ. ದೇವರ ಗೂಡಿನಲ್ಲಿ ಅಲ್ಲ, ಅಡುಗೆಮನೆಯ ಕಿಟಕಿಯಲ್ಲಿ. ಹೂವಿಡುತ್ತೇನೆ. ಏನನ್ನೂ ಕೇಳುವುದಿಲ್ಲ.

ಮೂರನೆಯ ದಿನ ಫುರಾಹಾಳಿಂದ ಫೋಟೋ ಬಂತು. ಕೆಂಪು ಮಣ್ಣಿನ ಅಂಗಳ, ತಗಡಿನ ಮಾಡು, ಬಾಗಿಲಲ್ಲಿ ಕುರ್ಚಿಯ ಮೇಲೆ ಜೋಸೆಫ್, ಹಿಂದೆ ಸಣ್ಣ ಮೈಯ ಮುದುಕಿ. ಕಾಲ ಬಳಿ ಯಂತ್ರ. ಕೊನೆಯ ಬ್ಯಾಟರಿಯಲ್ಲಿ ಮನೆ ಮುಟ್ಟಿದರಂತೆ. ಅವರ ಬೀದಿಯಲ್ಲಿ ಕರೆಂಟು ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ. ಸೋಲಾರ್ ಹಾಕಿಕೊಂಡ ಅಂಗಡಿಗೆ ಬ್ಯಾಟರಿಗಳನ್ನು ಹೊತ್ತುಕೊಂಡು ಹೋಗಿ ತುಂಬಿಸಿ ತರುತ್ತಾಳಂತೆ. ಬ್ಯಾಟರಿಯ ಕಲ್ಲು ಅಗೆಯುವ ಊರಿನಲ್ಲಿ ಅದನ್ನು ತುಂಬಿಸಲು ಕರೆಂಟಿಲ್ಲ ಎಂದರೆ ನಮ್ಮವರು ನಂಬಲಿಲ್ಲ.

ಆಮೇಲೆ ಭಾನುವಾರಗಳಂದು ಅವಳ ದನಿ ಬರುತ್ತಿತ್ತು, ಚರ್ಚಿನಿಂದ ಬಂದ ಮೇಲೆ ಕಳಿಸಿದ್ದು. ನಾನು ಅದನ್ನು ಕನ್ನಡಕ್ಕೆ ತಿರುಗಿಸುವ ಮೊದಲು ಸುಮ್ಮನೆ ಒಮ್ಮೆ ಕೇಳುತ್ತಿದ್ದೆ. ಅವಳ ಮಾತು, ಕೋಳಿಗಳು, ಯಂತ್ರದ ಸದ್ದು, ಅದರ ಹಿಂದೆ ಎರಡು ಸಣ್ಣದು, ಒಂದು ಉದ್ದದ್ದು, ತುಕ್ಕಿನ ಬಾಗಿಲು. "ಜೋಸೆಫ್ ಇದ್ದಾನೆ ಅತ್ತೆ," ಎನ್ನುತ್ತಿದ್ದೆ. "ಇರಲಿ, ಇರಲಿ," ಎನ್ನುತ್ತಿದ್ದರು ಅತ್ತೆ ಜಪದ ನಡುವೆ.

ನವರಾತ್ರಿ ಕಳೆದ ಮೇಲೆ ಕೆಲವು ವಾರ ಏನೂ ಬರಲಿಲ್ಲ. ದೀಪಾವಳಿಯ ಮುಂಚಿನ ಭಾನುವಾರ ಮತ್ತೆ ಬಂತು. ಚಕ್ಕುಲಿ ಒತ್ತುತ್ತಿದ್ದೆ. ವಿದ್ಯಾ ಫೋನನ್ನು ನನ್ನ ಕಿವಿಗೆ ಹಿಡಿದಳು. ಫುರಾಹಾಳ ಮಾತು, ಯಂತ್ರದ ಅದೇ ಸದ್ದು, ಹಿಂದೆ ಕೆಮ್ಮು. ಆ ಕೆಮ್ಮು ಎಳೆಯದು, ಹಸಿಯದು, ಒಂದರ ಮೇಲೊಂದು ಬೀಳುವಂಥದ್ದು. ಕೊನೆಗೆ ಬಾಗಿಲಿನ ಸದ್ದು ಬರುತ್ತದೆಂದು ಕಾದೆ. ಬರಲಿಲ್ಲ.

"ಟ್ರಾನ್ಸ್‌ಲೇಟ್ ಮಾಡ್ಲಾ ಅಮ್ಮಾ?" ಎಂದಳು ವಿದ್ಯಾ.

"ಬೇಡ. ಅವಳಿಗೆ ಫೋನ್ ಹಚ್ಚು."

ಫುರಾಹಾ ಎತ್ತಿದಳು. ನಾನು ಜೋಸೆಫ್ ಎಂದೆ. ಅವಳು ಹೇಳಿದಳು. ಫೋನಿನ ಆ ನಯವಾದ ಹೆಂಗಸಿನ ದನಿ ಕನ್ನಡದಲ್ಲಿ ಹೇಳಿತು, ಜೋಸೆಫ್ ಬಾಗಿಲಿನಲ್ಲಿ ಕುಳಿತಿರುವಾಗ ನಿಧನರಾದರು, ಅವರ ತಾಯಿ ಅವರ ಪಕ್ಕದಲ್ಲಿದ್ದರು ಎಂದು. ಕುಳಿತೇ ಹೋದನಲ್ಲ, ಬಯಸಿದ ಜಾಗದಲ್ಲೇ, ತಾಯಿಯ ಕಣ್ಣ ಮುಂದೆ. ಅಷ್ಟನ್ನಾದರೂ ದೇವರು ನಡೆಸಿಕೊಟ್ಟ ಎಂದು ಅಂದುಕೊಳ್ಳಲು ನೋಡಿದೆ. ಹಿಂದೆ ಕೆಮ್ಮು ನಿಂತಿರಲಿಲ್ಲ.

"ಅದು ಯಾರು?" ಎಂದೆ.

ಜೋಸೆಫನ ತಮ್ಮ. ಅದೇ ಗುಂಡಿಯಲ್ಲಿ ಇಳಿಯುತ್ತಿದ್ದವನು. ಗುಂಡಿ ಈಗ ಇನ್ನೂ ಆಳವಾಗಿದೆ, ಕಲ್ಲಿಗೆ ಬೇಡಿಕೆ ಹೆಚ್ಚಾಗಿದೆ. ಅಣ್ಣನ ಯಂತ್ರ ಈಗ ಅವನ ಹತ್ತಿರ.

ಕೈಯೆಲ್ಲ ಹಿಟ್ಟು. ಆ ದಿನ ಬೆಳಿಗ್ಗೆಯೂ ಎಂದಿನಂತೆ ಜೋಸೆಫನ ಹೆಸರು ಹೇಳಿ ದೀಪ ಹಚ್ಚಿದ್ದೆ. ನಾಳೆ ಬೆಳಿಗ್ಗೆ ಹಚ್ಚುವಾಗ ಹೇಳಲು ಹೆಸರು ಬೇಕಲ್ಲ. ಅವನ ಹೆಸರೇನು ಎಂದು ಕೇಳಿದೆ.

"ಇಲುಂಗಾ," ಎಂದಳು ಫುರಾಹಾ. ನನಗೆ ಸರಿಯಾಗಿ ಬರಲಿಲ್ಲ. ಇನ್ನೊಮ್ಮೆ ಹೇಳಿದಳು. ನಾನೂ ಗಟ್ಟಿಯಾಗಿ ಹೇಳಿದೆ, ಇಲುಂಗಾ.

ಆ ಕಡೆ ಕೆಮ್ಮು ನಿಂತಿತು. ತನ್ನ ಹೆಸರು ಕೇಳಿ, ಯಾರು ಕರೆದದ್ದು ಎಂದು ತಿರುಗಿ ನೋಡಿರಬೇಕು.